ಚಿಪ್ಸ್ ಕೆಂಪಗಾದರೆ ವಿಷಾನಾ? ಗೊತ್ತಿದ್ದವರು ಹೇಳಿ

ಕೇಳಿದವರು, ಹಾಸನ:
ಮನೆಯಲ್ಲೇ ಆಲೂಗಡ್ಡೆ ಚಿಪ್ಸ್ ಮಾಡಿ ಹತ್ತಿರದ ಅಂಗಡಿಗಳಿಗೆ ಕೊಡುತ್ತೇನೆ. ಚಿಪ್ಸ್ ಕೆಂಪಗಾದರೆ ಅಕ್ರಿಲಮೈಡ್ ಅನ್ನೋ ವಿಷ ಹುಟ್ಟುತ್ತದೆ, ಕ್ಯಾನ್ಸರ್ ಬರುತ್ತದೆ ಅಂತ ಒಬ್ಬ ಗಿರಾಕಿ ಹೇಳಿ ಹೋದರು. ಚಿಕೋರಿ ಕಾಫಿಯಲ್ಲೂ ಇದೆಯಂತೆ. ಬೆಣ್ಣೆ ಎಸೆನ್ಸ್ ಕೂಡ ಬೇಡವಂತೆ. ಎಲ್ಲಾ ನಿಲ್ಲಿಸಬೇಕಾ?

ಮದುವೆ ಅಡುಗೆಯವರು, ಅರಸೀಕೆರೆ:
ಅಕ್ಕ, ಮೊದಲು ಗೆಡ್ಡೆ ಎಲ್ಲಿಂದ ತರುತ್ತೀರಿ ನೋಡಿ. ಕೋಲ್ಡ್ ಸ್ಟೋರೇಜ್ ಮಾಲು ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗುತ್ತದೆ. ತಣ್ಣಗೆ ಇಟ್ಟಷ್ಟೂ ಗೆಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಅದಕ್ಕೇ. ಅಂಥ ಮೂಟೆ ಬಂದರೆ ನಾನು ಬೆಳಕು ಬೀಳದ ಕೋಣೆಯಲ್ಲಿ ಹರಡಿ ಎರಡು ವಾರ ಬಿಡುತ್ತೇನೆ. ಸಕ್ಕರೆ ಸುಮಾರು ಇಳಿಯುತ್ತದೆ. ಬೆಳಕಿಗೆ ಇಟ್ಟರೆ ಹಸಿರಾಗುತ್ತದೆ, ಅದು ಬೇರೆ ತಲೆನೋವು. ಹೆಚ್ಚಿದ ಮೇಲೆ ಅರ್ಧ ಗಂಟೆ ನೀರಲ್ಲಿ ಹಾಕಿ, ನೀರು ಚೆಲ್ಲಿ, ಬಟ್ಟೆ ಮೇಲೆ ಆರಿಸಿ. ಹೊಂಬಣ್ಣ ಬರುತ್ತಿದ್ದಂತೆ ತೆಗೆಯಿರಿ. ಸೀದದ್ದನ್ನು ಆರಿಸಿ ಬಿಸಾಡಿ, ಕೆಳಗಡೆ ಸೇರಿಸಿ ಪ್ಯಾಕ್ ಮಾಡಬೇಡಿ.

ಆಹಾರ ವಿಜ್ಞಾನ ಪಾಠ ಮಾಡುವವರು, ಹಾಸನ:
ಮೇಲಿನವರು ಹೇಳಿದ್ದು ಸರಿ. ಗೆಡ್ಡೆಯಲ್ಲಿರುವ ಆಸ್ಪರಾಜಿನ್ ಅನ್ನೋ ಅಮೈನೋ ಆಮ್ಲವೂ ಸಕ್ಕರೆಯೂ ಸೇರಿ ಸುಮಾರು 120 ಡಿಗ್ರಿ ದಾಟಿದಾಗ ಅಕ್ರಿಲಮೈಡ್ ಹುಟ್ಟುತ್ತದೆ. ಬೇಯಿಸಿದ ಆಲೂಗಡ್ಡೆಯಲ್ಲಿ ಈ ರಗಳೆ ಇಲ್ಲ, ನೀರು 100 ದಾಟುವುದಿಲ್ಲವಲ್ಲ.

ಇದು ಗೊತ್ತಾದ ಕಥೆ ಮಜವಾಗಿದೆ. 1997ರಲ್ಲಿ ಸ್ವೀಡನ್ನಿನಲ್ಲಿ ರೈಲು ಸುರಂಗ ಕೊರೆಯುವಾಗ ಸೋರಿಕೆ ಮುಚ್ಚಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ಹಳ್ಳದ ನೀರು ಸೇರಿತು. ಮೀನು ಸತ್ತವು, ಹಸುಗಳಿಗೆ ಲಕ್ವ ಹೊಡೆಯಿತು. ಕೆಲಸಗಾರರ ರಕ್ತ ಪರೀಕ್ಷೆ ಮಾಡಿದರು. ಹೋಲಿಸಿ ನೋಡಲು ಸುರಂಗದ ಹತ್ತಿರವೂ ಸುಳಿಯದವರ ರಕ್ತ ತೆಗೆದರೆ ಅದರಲ್ಲೂ ಅಕ್ರಿಲಮೈಡಿನ ಗುರುತು ಸಿಕ್ಕಿತು! ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ 2002ರಲ್ಲಿ ಕರಿದ, ಸುಟ್ಟ ತಿಂಡಿಗಳಿಗೆ ಬಂದು ನಿಂತರು. ಇಲಿಗಳಿಗೆ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಕ್ಯಾನ್ಸರ್ ಬಂದದ್ದು ನಿಜ. ಊಟದ ಮೂಲಕ ಮನುಷ್ಯರಿಗೆ ಬರುತ್ತದೆ ಅನ್ನೋದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಇಲ್ಲ. ಕಡಿಮೆ ಮಾಡಿ, ನಿಲ್ಲಿಸುವುದು ಬೇಡ. ಅಂದಹಾಗೆ ಸಿಗರೇಟಿನ ಹೊಗೆಯಲ್ಲೂ ಇದು ಧಾರಾಳವಾಗಿದೆ. ನಿಮ್ಮ ಗಿರಾಕಿ ಸೇದುತ್ತಾರಾ, ಕೇಳಿ ನೋಡಿ.

ಕಾಫಿ ಪುಡಿ ಅಂಗಡಿಯವರು, ಚಿಕ್ಕಮಗಳೂರು:
ಕಾಫಿ ಮಾತ್ರ ಉಲ್ಟಾ ಮೇಡಂ. ಹುರಿಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಅಕ್ರಿಲಮೈಡ್ ಏರುತ್ತದೆ, ಹುರಿದಂತೆಲ್ಲ ಇಳಿಯುತ್ತದೆ. ಹಾಗಾಗಿ ತೆಳುವಾಗಿ ಹುರಿದದ್ದರಲ್ಲೇ ಜಾಸ್ತಿ. ಚಿಕೋರಿ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ಯುರೋಪಿನವರು ಇಟ್ಟಿರುವ ಗುರಿ ಮಟ್ಟ ಹುರಿದ ಕಾಫಿಗೆ ಕಿಲೋಗೆ 400 ಮೈಕ್ರೋಗ್ರಾಂ, ಬರೀ ಚಿಕೋರಿಗೆ 4000. ಪ್ಯಾಕೆಟ್ ಮೇಲೆ ಚಿಕೋರಿ ಎಷ್ಟು ಅಂತ ಬರೆದಿರಲೇಬೇಕು, ಓದಿ ತೊಗೊಳ್ಳಿ. ನಾನು ಚಿಕೋರಿಯನ್ನೂ ಮಾರುತ್ತೇನೆ, ಆದರೂ ಹೇಳುತ್ತೇನೆ: ಕಡಿಮೆ ಇದ್ದಷ್ಟೂ ಒಳ್ಳೆಯದು, ರುಚಿಗೂ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ತಜ್ಞರು ಕಾಫಿಯನ್ನು ಅನುಮಾನದ ಪಟ್ಟಿಯಿಂದ ಇಳಿಸಿದರು. 65 ಡಿಗ್ರಿಗಿಂತ ಬಿಸಿಯಾದ್ದು ಏನೇ ಕುಡಿದರೂ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂದರು. ಲೋಟ ಬಟ್ಟಲಲ್ಲಿ ಆರಿಸಿ ಕುಡಿಯಿರಿ.

ಬೇಕರಿಯವರು, ಸಕಲೇಶಪುರ:
ಬೆಣ್ಣೆ ಎಸೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ವಾಸನೆಗೆ ಡಯಾಸಿಟೈಲ್ ಹಾಕುತ್ತಾರೆ. ನಿಜವಾದ ಬೆಣ್ಣೆಯಲ್ಲೂ ಅದು ಇದೆ, ತಿನ್ನೋದಕ್ಕೆ ತೊಂದರೆ ಕಂಡಿಲ್ಲ. ಉಸಿರಾಡೋದು ಕಷ್ಟ. ಅಮೆರಿಕದ ಮಿಸೌರಿಯಲ್ಲಿ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದಿನವಿಡೀ ಅದರ ಆವಿ ಕುಡಿದ ಕೆಲಸಗಾರರ ಶ್ವಾಸಕೋಶ ಹಾಳಾಯಿತು, 2000ದಲ್ಲಿ ಹೊರಬಂತು. ಬಿಸಿ ಚಿಪ್ಸ್ ಮೇಲೆ ಉದುರಿಸುವಾಗ ಕಿಟಕಿ ತೆಗೆದಿಡಿ, ಡಬ್ಬಿಗೆ ಮೂಗಿಟ್ಟು ಮೂಸಬೇಡಿ.

ಕೇಳಿದವರು, ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ನಾಳೆಯ ಬಾಣಲೆಗೆ ಹೊಸ ಗೆಡ್ಡೆ ತರುತ್ತೇನೆ. ಎಣ್ಣೆ ಎಷ್ಟು ಸಲ ಬಳಸಬಹುದು?

ಮದುವೆ ಅಡುಗೆಯವರು, ಅರಸೀಕೆರೆ:
ನೊರೆ ಬಂದು, ಕಪ್ಪಾಗಿ, ಅಂಟಂಟಾದರೆ ಮುಗಿಯಿತು. ಹೊಸ ಎಣ್ಣೆ ಬೆರೆಸಿ ಎಳೆಯಬೇಡಿ.