ಸಹಾಯ ಬೇಕು: ಅಮ್ಮನ ಪಿಎಂ ಕಿಸಾನ್ ಹಣ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆಯ ಹಳ್ಳಿ, ಎರಡು ಎಕರೆ ರಾಗಿ ಹೊಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿ, ಪಹಣಿ ಅಮ್ಮನ ಹೆಸರಿಗೆ ಬಂದಿದೆ. ಪಿಎಂ ಕಿಸಾನ್‌ಗೆ ಹೊಸ ಅರ್ಜಿಯನ್ನೂ ಹಾಕಿದ್ದೇವೆ. ವರ್ಷಕ್ಕೆ 6,000 ರೂಪಾಯಿ ಜಾಸ್ತಿಯೇನಲ್ಲ, ಆದರೂ ಒಂದು ಕಂತಿನ 2,000 ಗೊಬ್ಬರದ ಖರ್ಚಿಗಾದರೂ ಆಗುತ್ತಿತ್ತು.

ಇ-ಕೆವೈಸಿ ಆಗಿದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿದೆ. ಸ್ಟೇಟಸ್‌ನಲ್ಲಿ ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ) ಮುಂದೆ ಮಾತ್ರ 'ನೋ'. ಕೃಷಿ ಇಲಾಖೆಯವರು ಕಂದಾಯದವರನ್ನು ಕೇಳಿ ಅಂತಾರೆ, ಅವರು ಇವರನ್ನು ತೋರಿಸುತ್ತಾರೆ. ಸುಮ್ನೆ ಬಸ್ ಚಾರ್ಜು ದಂಡ.

ಅಮ್ಮನ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಹೊಲದ ಸರ್ವೆ ನಂಬರ್ ಸೇರಿಲ್ಲದಿರುವುದೇ ಕಾರಣವಾ? 2019ರ ಫೆಬ್ರವರಿ 1ರ ನಂತರ ಖಾತೆ ಆದವರಿಗೆ ಬರಲ್ಲ ಅಂತ ಒಬ್ಬರು ಹೆದರಿಸಿದರು. ಪೌತಿ ಖಾತೆಗೆ ಅದು ಅನ್ವಯಿಸಲ್ಲ ಅಲ್ವಾ? ಸರಿಮಾಡಿಸಿಕೊಂಡವರು ಇದ್ದರೆ ಯಾವ ಕಾಗದ ಎಲ್ಲಿ ಕೊಟ್ಟಿರಿ, ದಯವಿಟ್ಟು ತಿಳಿಸಿ.