‘ಮೂಗೇಟು’, ‘ಗುಪ್ತಗಾಯ’, ‘ಒಳಪೆಟ್ಟು’: ಕಣ್ಣಿಗೆ ಬಿದ್ದ ಪೆಟ್ಟನ್ನು ಏನೆನ್ನಬೇಕು?

ಬಲ್ಲವರಿಗೆ ನಮಸ್ಕಾರ.

ಗಂಗಾವತಿ ತಾಲ್ಲೂಕಿನ ನಮ್ಮ ಊರಿನಲ್ಲಿ ಕಣ್ಣಿನ ತಪಾಸಣೆ ಶಿಬಿರವಿದೆ. ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಚರ್ಮ ಹರಿಯದೆ, ಹೊರಗೆ ರಕ್ತ ಸುರಿಯದೆ ಕಣ್ಣಿಗೆ ಬೀಳುವ ಪೆಟ್ಟಿಗೆ ಯಾವ ಪದ ಬಳಸಲಿ?

ಕೇಳಲು ಕಾರಣ ನಮ್ಮ ಚಿಕ್ಕಪ್ಪ. ಅವರ ಎಡಗಣ್ಣಿನ ನೋಟ ಪಕ್ಕದಿಂದ ಕಿರಿದಾಗುತ್ತ ಬಂದಾಗ ಆಸ್ಪತ್ರೆಗೆ ಕರೆದೊಯ್ದೆವು. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದೊಳಗೆ ಇರಬೇಕಾದದ್ದು. ಬಲಗಣ್ಣಿನದು 14, ಎಡಗಣ್ಣಿನದು 34. “ಈ ಕಣ್ಣಿಗೆ ಎಂದಾದರೂ ಗಾಯವಾಗಿತ್ತೇ?” ಎಂದು ವೈದ್ಯರು ಕೇಳಿದರು. ಚಿಕ್ಕಪ್ಪ “ಇಲ್ಲ” ಎಂದರು. ಅದು ಸುಳ್ಳಲ್ಲ, ನಮ್ಮ ಕಡೆ ರಕ್ತ ಸುರಿದರೆ ಮಾತ್ರ ಗಾಯ. ವೈದ್ಯರು ಕನ್ನಡಿಯುಳ್ಳ ಮಸೂರವನ್ನು ಕಣ್ಣಿಗೆ ತಾಗಿಸಿ, ಗುಡ್ಡೆಯೊಳಗೆ ಕರಿಭಾಗದ ಅಂಚಿನಲ್ಲಿರುವ ಮೂಲೆಯನ್ನು ನೋಡಿದರು. ಆಮೇಲೆ ಮತ್ತೆ ಕೇಳಿದರು: “ಪೆಟ್ಟೇನಾದರೂ ಬಿದ್ದಿತ್ತೇ, ಯಜಮಾನರೇ?” ಆಗ ಹೊರಬಂತು. ಹನ್ನೆರಡು ವರ್ಷಗಳ ಹಿಂದೆ ಗೋದಲಿಗೆ ಹುಲ್ಲು ಹಾಕುವಾಗ ಎತ್ತು ತಲೆ ಕೊಡವಿ, ಕೋಡಿನ ಬುಡ ಕಣ್ಣಿಗೆ ಬಡಿದಿತ್ತು. ಕರಿಗುಡ್ಡೆಯ ಮುಂದೆ, ಕೆಳಭಾಗದಲ್ಲಿ ರಕ್ತ ಕೆಂಪಗೆ ಗೆರೆ ಕೊರೆದಂತೆ ನಿಂತು, ವಾರದಲ್ಲಿ ಕರಗಿತ್ತು. ಎಲ್ಲರೂ ಮರೆತಿದ್ದೆವು.

ಕಣ್ಣೊಳಗಿನ ನೀರು (ಕಣ್ಣೀರಲ್ಲ) ಹೊರಹರಿಯುವ ಜಾಗ ಆ ಮೂಲೆ. ಪೆಟ್ಟು ಬಿದ್ದರೆ ಅಲ್ಲಿನ ಸ್ನಾಯು ಸೀಳಬಹುದು, ನೀರು ಸೋಸುವ ಜಾಲರಿ ಜಖಂಗೊಂಡು ವರ್ಷಗಳ ಮೇಲೆ ಕಲೆಗಟ್ಟಬಹುದು. ಹಾಗಾದರೆ ಒತ್ತಡ ಏರಿ, ನೋವೇ ಇಲ್ಲದೆ ಕಣ್ಣಿನ ನರ ಸವೆಯುತ್ತದೆ. ಗ್ಲಾಕೋಮಾ ಎನ್ನುವುದು ಇದನ್ನೇ. ಹನಿ ಔಷಧಿ, ಅದಕ್ಕೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆ. ಉಳಿದ ನೋಟವನ್ನು ಕಾಯಬಹುದು, ಹೋದದ್ದು ಮರಳುವುದಿಲ್ಲ. ಪೊರೆ ಬರುವುದು, ಕಣ್ಣಿನ ಹಿಂಬದಿಯ ಅಕ್ಷಿಪಟಲ (ರೆಟಿನಾ) ಕಳಚುವುದು ಸಹ ಹೀಗೆ ತಡವಾಗಿ ಆಗಬಹುದು.

ಈಗ ಪದಗಳಿಗೆ ಬರುತ್ತೇನೆ. ‘ಮೂಗೇಟು’ ನನಗೆ ಬಹಳ ಇಷ್ಟ. ಮೂಗ ಏಟು, ಬಾಯಿ ಬಿಡದ ಏಟು. ಈ ಕಾಯಿಲೆಯ ಗುಣವೇ ಅದು. ಆದರೆ ‘ಮೂಗು’ ಮತ್ತು ‘ಏಟು’ ಸೇರಿದರೂ ಮೂಗೇಟೇ ಆಗುತ್ತದೆ. ಓದಿ ಹೇಳಿದ ಮೂವರಲ್ಲಿ ಇಬ್ಬರು ಮೂಗು ಮುಟ್ಟಿಕೊಂಡರು. ‘ಗುಪ್ತಗಾಯ’ ನಮ್ಮ ಭಾಗದ ಪೊಲೀಸ್ ದೂರುಗಳಲ್ಲಿ ಬರುವ ಪದ. ಊರವರಿಗೆ ಗೊತ್ತು, ಆದರೆ ಹೊಡೆದಾಟದ ನೆನಪು ತರುತ್ತದೆ. ಜೊತೆಗೆ ಚಿಕ್ಕಪ್ಪನ ಬಾಯಿ ಕಟ್ಟಿದ ಆ ‘ಗಾಯ’ ಅದರಲ್ಲೂ ಇದೆ. ‘ಒಳಪೆಟ್ಟು’ ಎಲ್ಲರಿಗೂ ತಿಳಿಯುತ್ತದೆ. ನನ್ನ ಒಲವು ಇದರ ಕಡೆಗೇ ಇದೆ, ಆದರೂ ಕೇಳಿದವರು ಎದೆ, ಬೆನ್ನು ನೆನೆಯುತ್ತಾರೆಯೇ ಹೊರತು ಕಣ್ಣನ್ನಲ್ಲ.

ಇನ್ನೊಂದು. ಪೆಟ್ಟು ಬಿದ್ದು ಆ ಮೂಲೆಯ ಸ್ನಾಯು ಸೀಳುವುದಕ್ಕೆ ವೈದ್ಯರು ಹೇಳುವ ‘ಆಂಗಲ್ ರಿಸೆಶನ್’ ಅನ್ನು ‘ಕೋನ ಹಿಂಜರಿತ’ ಎಂದರೆ ಪತ್ರಿಕೆ ಓದುವವರಿಗೆ ಆರ್ಥಿಕ ಹಿಂಜರಿತವೇ ಕಣ್ಣಿಗೆ ಕಟ್ಟುತ್ತದೆ. ನಾನು ‘ಮೂಲೆಸೀಳು’ ಎಂದು ಬರೆದಿದ್ದೇನೆ. ಸರಿಯೇ?

ರಾಯಚೂರು, ಬಳ್ಳಾರಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿ: ಎತ್ತಿನ ಕೋಡೋ ಚಿಣ್ಣಿಯೋ ಕಣ್ಣಿಗೆ ಬಡಿದು ರಕ್ತ ಬಾರದಿದ್ದರೆ ಅದಕ್ಕೆ ಅವರು ಏನೆನ್ನುತ್ತಾರೆ? ಕರಪತ್ರ ಶುಕ್ರವಾರ ಅಚ್ಚಿಗೆ ಹೋಗುತ್ತದೆ.