ಡಿಸೆಂಬರ್ 11ಕ್ಕೆ ಚಂದ್ರೋದಯದ ಕಾಲಂ ಖಾಲಿ ಯಾಕೆ? ದಿನಕ್ಕೆ 50 ನಿಮಿಷದ ಲೆಕ್ಕ ಎಲ್ಲಿ ಕೈಕೊಡುತ್ತೆ?

ತಾರಸಿನೋಟ:
ಬೆಂಗಳೂರಿಗೆ ಅಂತ 2025ರ ಡಿಸೆಂಬರ್‌ನ ಚಂದ್ರೋದಯ, ಚಂದ್ರಾಸ್ತದ ಪಟ್ಟಿ ಮಾಡ್ತಿದ್ದೇನೆ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು: ಚಂದ್ರ ದಿನಕ್ಕೆ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಅಂತ ಎಲ್ಲ ಕಡೆ ಬರೆದಿರುತ್ತೆ. ಆದರೆ ಆಪ್‌ನಲ್ಲಿ ಹತ್ತಿರದ ಐದು ನಿಮಿಷಕ್ಕೆ ಸರಿಮಾಡಿ ನೋಡಿದರೆ 4ನೇ ತಾರೀಖು ಸಂಜೆ 5.10, 5ಕ್ಕೆ 6.15, 6ಕ್ಕೆ 7.25, 7ಕ್ಕೆ 8.30. ಗಂಟೆಗೂ ಮೇಲಾಯ್ತು. ನವೆಂಬರ್ ಕೊನೆ ವಾರದಲ್ಲಿ ನೋಡಿದರೆ 40 ನಿಮಿಷವೂ ಇಲ್ಲ.

ಎರಡು: 11ನೇ ತಾರೀಖಿನ ಚಂದ್ರೋದಯದ ಜಾಗದಲ್ಲಿ ಬರೀ ಗೆರೆ. ಗೋಡೆಗೆ ಹಾಕಿರುವ ಪಂಚಾಂಗದಲ್ಲಿ ಅದೇ 11ಕ್ಕೆ ರಾತ್ರಿ 12.11 ಅಂತಿದೆ. ಯಾವುದು ಸರಿ?

ಮೂರು: 7ಕ್ಕೆ ಸಂಕಷ್ಟಿ. ಆದರೆ ಆ ದಿನದ ತಿಥಿ ಬಹುಳ ತದಿಗೆ ಅಂತ ಅಚ್ಚಾಗಿದೆ. ಮುದ್ರಣದೋಷವೇ?

ಘಳಿಗೆಬಟ್ಟಲು:
ಎರಡನೆಯದರಿಂದ ಶುರು ಮಾಡ್ತೀನಿ, ಅದು ಸುಲಭ. ಎರಡೂ ಸರಿ.

10ರ ರಾತ್ರಿ 11.20ರ ಸುಮಾರಿಗೆ ಚಂದ್ರ ಹುಟ್ಟುತ್ತಾನೆ. ಮುಂದಿನ ಸಲ ಹುಟ್ಟೋದು ಸುಮಾರು 53 ನಿಮಿಷ ತಡವಾಗಿ. ಅಷ್ಟರಲ್ಲಿ ಮಧ್ಯರಾತ್ರಿ ದಾಟಿ ಗಡಿಯಾರದ ಪ್ರಕಾರ 12ನೇ ತಾರೀಖು ಬಂದುಬಿಟ್ಟಿರುತ್ತೆ. ಹಾಗಾಗಿ 11ರ 24 ಗಂಟೆಯಲ್ಲಿ ಉದಯವೇ ಇಲ್ಲ. ಪ್ರತಿ ತಿಂಗಳೂ ಬಹುಳ ಅಷ್ಟಮಿ ಆಸುಪಾಸಿನಲ್ಲಿ ಹೀಗೆ ಒಂದು ದಿನ ಉದಯ ತಪ್ಪುತ್ತೆ. ಶುದ್ಧ ಅಷ್ಟಮಿ ಆಸುಪಾಸಿನಲ್ಲಿ ಒಂದು ದಿನ ಅಸ್ತ ತಪ್ಪುತ್ತೆ.

ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅದರ ಲೆಕ್ಕದಲ್ಲಿ ನಡುರಾತ್ರಿ 12.11 ಇನ್ನೂ 11ರ ರಾತ್ರಿಯೇ. ಹಾಗಂತ ಅಲ್ಲಿ ಉದಯವಿಲ್ಲದ ದಿನವೇ ಬರಲ್ಲ ಅಂತಲ್ಲ, ಅದು ಅಮಾವಾಸ್ಯೆ ಹತ್ತಿರಕ್ಕೆ ಸರಿಯುತ್ತೆ. ಒಂದು ಚಾಂದ್ರಮಾಸದಲ್ಲಿ ಸೂರ್ಯ ಎಷ್ಟು ಸಲ ಹುಟ್ಟುತ್ತಾನೋ ಚಂದ್ರ ಅದಕ್ಕಿಂತ ಒಂದು ಸಲ ಕಡಿಮೆ ಹುಟ್ಟುತ್ತಾನೆ. ಆ ಒಂದನ್ನು ಯಾವ ದಿನದ ಖಾತೆಗೆ ಹಾಕಬೇಕು ಅನ್ನೋದಷ್ಟೇ ವ್ಯತ್ಯಾಸ. ಪಟ್ಟಿಯ ತಲೆಯಲ್ಲೇ ‘ದಿನ: ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ’ ಅಂತ ಬರೆದುಬಿಡಿ. ಎರಡು ಪದ್ಧತಿಯ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಒಂದು ದಿನ ಹೆಚ್ಚುಕಮ್ಮಿ ಆಗೋದು ಖಂಡಿತ.

ಬಿದಿಗೆಚಂದ್ರ:
50 ನಿಮಿಷ ಅನ್ನೋದು ಸರಾಸರಿ. ಪಟ್ಟಿ ಮಾಡೋಕೆ ಅದು ಕೆಲಸಕ್ಕೆ ಬಾರದ ಸಂಖ್ಯೆ, ನನ್ನ ಅಭಿಪ್ರಾಯ. ಏರುಪೇರಿಗೆ ಎರಡು ಕಾರಣ.

ಮೊದಲನೆಯದು ವೇಗ. ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ ಸರಾಸರಿ 13.2 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಭೂಮಿಗೆ ಹತ್ತಿರ ಬಂದಾಗ ಇದು 15 ದಾಟುತ್ತೆ, ದೂರವಿದ್ದಾಗ 12ಕ್ಕೂ ಕೆಳಗೆ ಇಳಿಯುತ್ತೆ. ಡಿಸೆಂಬರ್ 4ಕ್ಕೆ ಚಂದ್ರ ಭೂಮಿಗೆ ಹತ್ತಿರದ ಬಿಂದುವಿನಲ್ಲಿದ್ದ, ಓಟ ಜೋರು. ಇದೇ ಮಾಸದ ಪಾದಗಳನ್ನು ನೋಡಿ: ಅಮಾವಾಸ್ಯೆ ನವೆಂಬರ್ 20ರ ಮಧ್ಯಾಹ್ನ 12.17, ಶುದ್ಧ ಪಕ್ಷದ ಅರ್ಧಚಂದ್ರ 28ರ ಮಧ್ಯಾಹ್ನ 12.29, ಹುಣ್ಣಿಮೆ ಡಿಸೆಂಬರ್ 5ರ ಬೆಳಗಿನ ಜಾವ 4.44, ಬಹುಳದ ಅರ್ಧಚಂದ್ರ 12ರ ಬೆಳಗಿನ ಜಾವ 2.22, ಮತ್ತೆ ಅಮಾವಾಸ್ಯೆ 20ರ ಬೆಳಗ್ಗೆ 7.13. ಮೊದಲ ಪಾದಕ್ಕೆ 8 ದಿನ, ಎರಡನೆಯದಕ್ಕೆ 6 ದಿನ 16 ಗಂಟೆ. 29.53 ದಿನವನ್ನು ನಾಲ್ಕರಿಂದ ಭಾಗಿಸಿ ಪಾದ ಗುರುತು ಹಾಕುವವರು ಇಲ್ಲೇ ಎಡವೋದು.

ಎರಡನೆಯದು ಓರೆ. ಚಂದ್ರ ಕುಂಭ, ಮೀನದ ಹತ್ತಿರ ಇದ್ದಾಗ ಪೂರ್ವಕ್ಕೆ ಸರಿಯುತ್ತಲೇ ಉತ್ತರಕ್ಕೂ ಏರುತ್ತಿರುತ್ತಾನೆ. ಉತ್ತರಕ್ಕೆ ಏರಿದಷ್ಟೂ ನಮ್ಮ ಕಡೆ ಬೇಗ ಹುಟ್ಟುತ್ತಾನೆ. ಪೂರ್ವಕ್ಕೆ ಸರಿದಿದ್ದರಿಂದ ಆದ ತಡದಲ್ಲಿ ಒಂದಿಷ್ಟು ಅಲ್ಲೇ ವಜಾ ಆಗುತ್ತೆ. ನವೆಂಬರ್ 28ರ ಸುತ್ತ ಚಂದ್ರ ಕುಂಭದಲ್ಲಿದ್ದ, ಅದಕ್ಕೇ ನಿಮಗೆ 40ರ ಒಳಗಿನ ಅಂಕಿ ಸಿಕ್ಕಿದ್ದು. ವೃಷಭ, ಮಿಥುನಕ್ಕೆ ಬಂದಾಗ ಉತ್ತರದ ಏರಿಕೆ ಮುಗಿದಿರುತ್ತೆ, ಸರಿದದ್ದೆಲ್ಲ ತಡವೇ. ಡಿಸೆಂಬರ್ 4ರಿಂದ 7ರವರೆಗೆ ವೃಷಭ-ಮಿಥುನವೂ ಹೌದು, ವೇಗವೂ ಹೌದು. ಅದಕ್ಕೇ 65 ನಿಮಿಷ. ಲಂಡನ್‌ನಂಥ ಕಡೆ ಈ ಓರೆಯ ಆಟ ಇನ್ನೂ ಜೋರು: ಸೆಪ್ಟೆಂಬರ್ ಹುಣ್ಣಿಮೆ ಸುತ್ತ ದಿನದ ತಡ ಅರ್ಧ ಗಂಟೆಗೂ ಕಡಿಮೆ ಆಗುತ್ತೆ.

ಅಸ್ತಕ್ಕೆ ಇದು ತಿರುಗಾಮುರುಗ. ಉತ್ತರಕ್ಕೆ ಏರುವಾಗ ಉದಯದ ತಡ ಕಮ್ಮಿ, ಅಸ್ತದ ತಡ ಜಾಸ್ತಿ. ಉದಯದ ಅಂತರವನ್ನೇ ಅಸ್ತದ ಕಾಲಂಗೆ ನಕಲು ಮಾಡಬೇಡಿ.

ತಿಥಿಲೆಕ್ಕ:
ಮುದ್ರಣದೋಷ ಅಲ್ಲ. ಪಂಚಾಂಗದಲ್ಲಿ ಆ ದಿನದ ತಿಥಿ ಅಂತ ಹಾಕೋದು ಸೂರ್ಯೋದಯಕ್ಕಿರುವ ತಿಥಿ. ಸಂಕಷ್ಟಿಗೆ ಬೇಕಾದ್ದು ಚಂದ್ರೋದಯಕ್ಕಿರುವ ಚೌತಿ. 7ರಂದು ಸಂಜೆ 6.25ರ ತನಕ ತದಿಗೆ, ಆಮೇಲೆ ಚೌತಿ. 8.30ಕ್ಕೆ ಚಂದ್ರ ಹುಟ್ಟುವಾಗ ಚೌತಿ ಇದೆ. ಮರುದಿನದ ಚಂದ್ರೋದಯದ ಹೊತ್ತಿಗೆ ಅದು ಮುಗಿದಿರುತ್ತೆ.

ಆಪ್ ಇಲ್ಲದೆ ಸಮಯ ಅಂದಾಜಿಸೋಕೆ ಹಳೇ ಸೂತ್ರವೇ ಸಾಕು: ತಿಥಿಗೆ ಎರಡು ಘಳಿಗೆ. ಒಂದು ತಿಥಿ ಅಂದರೆ ಸೂರ್ಯ-ಚಂದ್ರರ ನಡುವೆ 12 ಡಿಗ್ರಿ, 360 ಡಿಗ್ರಿಗೆ 60 ಘಳಿಗೆ, ಆದ್ದರಿಂದ 2 ಘಳಿಗೆ, ಅಂದರೆ 48 ನಿಮಿಷ. ಬಹುಳದಲ್ಲಿ ಸೂರ್ಯಾಸ್ತಕ್ಕೆ ಕೂಡಿಸಿದರೆ ಚಂದ್ರೋದಯ, ಸೂರ್ಯೋದಯಕ್ಕೆ ಕೂಡಿಸಿದರೆ ಚಂದ್ರಾಸ್ತ. ಶುದ್ಧದಲ್ಲಿ ಸೂರ್ಯೋದಯಕ್ಕೆ ಕೂಡಿಸಿದರೆ ಚಂದ್ರೋದಯ, ಸೂರ್ಯಾಸ್ತಕ್ಕೆ ಕೂಡಿಸಿದರೆ ಚಂದ್ರಾಸ್ತ.

ಜನ ತಪ್ಪುವುದು ಯಾವ ಸಂಖ್ಯೆಯಿಂದ ಗುಣಿಸಬೇಕು ಅನ್ನೋದರಲ್ಲಿ. ಚೌತಿ ಅಂದ ತಕ್ಷಣ ನಾಲ್ಕು ಅಲ್ಲ. ಮುಗಿದಿರೋದು ಮೂರು ತಿಥಿ, ನಾಲ್ಕನೆಯದರಲ್ಲಿ ಕಳೆದದ್ದು ಎಷ್ಟೋ ಅಷ್ಟು. 7ರಂದು ಉದಯದ ಹೊತ್ತಿಗೆ ಚೌತಿ ಶುರುವಾಗಿ ಎರಡು ಗಂಟೆ. ಆ ಚೌತಿಯ ಉದ್ದ ಇಪ್ಪತ್ತೊಂದೂವರೆ ಗಂಟೆ ಚಿಲ್ಲರೆ, ಹತ್ತರಲ್ಲೊಂದು ಭಾಗ ಅನ್ನಿ. 3.1 × 48 = 149 ನಿಮಿಷ. ಬೆಂಗಳೂರಿನ ಸೂರ್ಯಾಸ್ತ 5.53ಕ್ಕೆ ಕೂಡಿಸಿದರೆ 8.22. ನಿಜವಾದ ಉದಯ 8.28ರ ಸುಮಾರು. ಕಾಗದದ ಲೆಕ್ಕಕ್ಕೆ ಆರು ನಿಮಿಷದ ತಪ್ಪು ತಪ್ಪೇ ಅಲ್ಲ. ನಾಲ್ಕರಿಂದ ಗುಣಿಸಿದ್ದರೆ 9.05 ಬರುತ್ತಿತ್ತು.

ಆಪ್‌ನಲ್ಲಿ ಊರು ಯಾವುದಿದೆ ನೋಡಿಕೊಳ್ಳಿ. ಅದೇ ದಿನ ದೆಹಲಿಯಲ್ಲಿ ಉದಯ 7.55. ಊರು ಬದಲಿಸದೆ ಬಿಟ್ಟರೆ ಅರ್ಧ ಗಂಟೆ ಮೊದಲೇ ತಾರಸಿ ಹತ್ತಿ ಅರ್ಘ್ಯದ ತಂಬಿಗೆ ಹಿಡಿದು ನಿಂತಿರಬೇಕಾಗುತ್ತೆ. ಮಂಗಳೂರಿಗೆ ಬೆಂಗಳೂರಿಗಿಂತ ಸುಮಾರು 11 ನಿಮಿಷ ಹೆಚ್ಚು, ರೇಖಾಂಶಕ್ಕೆ ಡಿಗ್ರಿಗೆ 4 ನಿಮಿಷದ ಲೆಕ್ಕ.

ಬಿದಿಗೆಚಂದ್ರ:
ಅದಕ್ಕೊಂದು ಸೇರಿಸ್ತೀನಿ. ಪಟ್ಟಿಯ ಸಮಯ ಅಂದರೆ ಬಯಲು ದಿಗಂತದಲ್ಲಿ ಚಂದ್ರನ ಮೇಲಂಚು ಕಾಣುವ ಕ್ಷಣ. ನೂರು ಮೀಟರ್ ದೂರದಲ್ಲಿ 30 ಮೀಟರ್ ಎತ್ತರದ ಅಪಾರ್ಟ್‌ಮೆಂಟ್ ಇದ್ದರೆ ಅದು 16–17 ಡಿಗ್ರಿ ಮರೆಮಾಡುತ್ತೆ, ಚಂದ್ರ ಕಾಣಲು ಗಂಟೆಗೂ ಮೇಲೆ ಕಾಯಬೇಕು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅಗಲ ಸುಮಾರು 10 ಡಿಗ್ರಿ. ಒಂದು ಮುಷ್ಟಿ ಮರೆಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಸ್ವಂತ ಪ್ರೋಗ್ರಾಂ ಬರೆಯೋದಾದರೆ ಸೂರ್ಯೋದಯದ ಸೂತ್ರವನ್ನೇ ಚಂದ್ರನಿಗೆ ಹಾಕಬೇಡಿ. ಚಂದ್ರ ಹತ್ತಿರ ಇರೋದರಿಂದ ಭೂಮಿಯ ಕೇಂದ್ರದಿಂದ ಕಾಣುವ ಜಾಗಕ್ಕೂ ನಮ್ಮ ನೆಲದಿಂದ ಕಾಣುವ ಜಾಗಕ್ಕೂ ದಿಗಂತದಲ್ಲಿ ಸುಮಾರು 57 ಕಲೆ (ಒಂದು ಡಿಗ್ರಿಗೆ 60 ಕಲೆ) ವ್ಯತ್ಯಾಸ. ಇದನ್ನು ಬಿಟ್ಟರೆ ಉದಯ 4 ನಿಮಿಷ ಬೇಗ ಬರುತ್ತೆ.

ತಾರಸಿನೋಟ:
ಎರಡು ಕಾಲಂ ಬೇರೆ ಮಾಡಿದೆ, ಊರೂ ಸರಿಯಾಗಿದೆ. ಇನ್ನೊಂದು: ಹುಣ್ಣಿಮೆಯ ಗುರುತು 4ಕ್ಕೆ ಹಾಕಲೋ 5ಕ್ಕೋ? ಫೋಟೊ ತೆಗೆಯುವವರೂ ಈ ಪಟ್ಟಿ ನೋಡ್ತಾರೆ.

ಘಳಿಗೆಬಟ್ಟಲು:
ಹಬ್ಬಕ್ಕೆ 4, ದತ್ತ ಜಯಂತಿಯೂ ಅವತ್ತೇ. ಹುಣ್ಣಿಮೆಯ ಕ್ಷಣ 5ರ ಬೆಳಗಿನ ಜಾವವಾದ್ದರಿಂದ 4ರ ರಾತ್ರಿಯೇ ಹುಣ್ಣಿಮೆ ರಾತ್ರಿ. ಫೋಟೊಗೂ 4ನ್ನೇ ಹಾಕಿ: ಸೂರ್ಯಾಸ್ತಕ್ಕೆ 40 ನಿಮಿಷ ಮೊದಲೇ ಚಂದ್ರ ಮೇಲೆ ಬಂದಿರುತ್ತಾನೆ, ಮುಂದಿನ ಮರ, ಗೋಪುರದ ಮೇಲೆ ಇನ್ನೂ ಬೆಳಕಿರುತ್ತೆ. 5ಕ್ಕೆ ಸೂರ್ಯ ಮುಳುಗಿ 20 ನಿಮಿಷದ ಮೇಲೆ ಹುಟ್ಟುತ್ತಾನೆ. ದಿಗಂತದ ಮಂಜು ದಾಟಿ ಮೇಲೆ ಬರುವಷ್ಟರಲ್ಲಿ ನೆಲ ಪೂರ್ತಿ ಕಪ್ಪು, ಚಂದ್ರನಿಗೆ ಎಕ್ಸ್‌ಪೋಶರ್ ಇಟ್ಟರೆ ಗೋಪುರ ಕಾಣಲ್ಲ, ಗೋಪುರಕ್ಕೆ ಇಟ್ಟರೆ ಚಂದ್ರ ಬರೀ ಬಿಳಿ ಬಿಲ್ಲೆ.